ಎಂಜಿನ್ ಬಂದ್ ಮಾಡಿದ ಮೇಲಿನ ಹತ್ತು ನಿಮಿಷ

ಹುಣಸೆ ಸುಗ್ಗಿ ಬಂತೆಂದರೆ ತುಮಕೂರಿನ ಬಟವಾಡಿಯಲ್ಲಿರುವ ಎಪಿಎಂಸಿ ಯಾರ್ಡಿಗೆ ಲಗೇಜ್ ಆಟೊ, ಟೆಂಪೊ, ಟ್ರ್ಯಾಕ್ಟರುಗಳ ಓಡಾಟ ಜಾಸ್ತಿ. ಗುಬ್ಬಿಯಿಂದಾದರೆ ಸುಮಾರು 20 ಕಿಲೋಮೀಟರ್, ಕುಣಿಗಲ್ಲಿನಿಂದಾದರೆ ಸುಮಾರು 35. ಮೇಲೆ ಬಿಸಿಲು, ಹಿಂದೆ ಹೊರೆ. ಬಂದು ನಿಂತ ಕೂಡಲೇ ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡುತ್ತೇವೆ. ‘ಗಾಡಿ ಆರಲಿ’ ಅಂತ ಹೇಳಿ ಟೀ ಕುಡಿಯಲು ಹೋಗುತ್ತೇವೆ. ಕೀಲಿ ತಿರುಗಿಸಿದ ಕ್ಷಣದಿಂದಲೇ ಎಂಜಿನ್ ಆರತೊಡಗುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆ.

ಅದು ಹಾಗಲ್ಲ. ದುಡಿದು ಬಂದ ಎಂಜಿನ್ನನ್ನು ತಟಕ್ಕನೆ ನಿಲ್ಲಿಸಿದರೆ ಅದರೊಳಗಿನ ನೀರಿನ ಬಿಸಿ ಮೊದಲು ಏರುತ್ತದೆ. ಇಳಿಯಲು ಶುರುವಾಗುವುದು ಆಮೇಲೆ. ರೇಡಿಯೇಟರ್ ಮುಚ್ಚಳ ತೆಗೆಯಲು ಹೋಗಿ ಕೈ, ಮುಖ ಸುಟ್ಟುಕೊಳ್ಳುವುದು ಈ ಹೊತ್ತಿನಲ್ಲೇ. ತಣ್ಣೀರು ಸುರಿದು ಹೆಡ್ ಸೀಳಿಸಿಕೊಳ್ಳುವುದೂ, ಗಾಡಿಯಡಿಯ ಹುಲ್ಲಿಗೆ ಬೆಂಕಿ ತಗಲುವುದೂ ಹೆಚ್ಚಾಗಿ ಈ ಹೊತ್ತಿನಲ್ಲೇ. ಆದ್ದರಿಂದ ಇದರ ಒಳಗುಟ್ಟನ್ನು ಗಾಡಿ ಇಟ್ಟುಕೊಂಡ ಪ್ರತಿಯೊಬ್ಬ ರೈತನೂ ತಿಳಿದಿರಬೇಕು.

ಹಂಡೆಯ ಪಾಠ

ಬಚ್ಚಲುಮನೆಯ ಹಂಡೆ ಒಲೆಯನ್ನು ನೆನಪಿಸಿಕೊಳ್ಳಿ. ಸೌದೆ ಹಿಂದಕ್ಕೆಳೆದ ಮೇಲೂ ಹಂಡೆಯ ನೀರು ಇನ್ನಷ್ಟು ಹೊತ್ತು ಕಾಯುತ್ತಲೇ ಇರುತ್ತದಲ್ಲವೆ? ಒಲೆಯ ಕಲ್ಲು, ಮಣ್ಣು, ಕೆಂಡ ತಮ್ಮಲ್ಲಿ ಹಿಡಿದಿಟ್ಟುಕೊಂಡ ಕಾವನ್ನು ನೀರಿಗೆ ಬಿಟ್ಟುಕೊಡುತ್ತಾ ಇರುತ್ತವೆ. ಎಂಜಿನ್ನಿನಲ್ಲೂ ಆಗುವುದು ಇದೇ.

ನಾವು ಸುಡುವ ಡೀಸೆಲ್ಲಿನ ಶಾಖದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಹೊಗೆಯ ಜೊತೆ ಸೈಲೆನ್ಸರಿನಲ್ಲಿ ಹೊರಟುಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲನ್ನು ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಬಿಡಬೇಕು. ಎಂಜಿನ್ ಓಡುವಾಗ ನೀರಿನ ಪಂಪು ಈ ನೀರನ್ನು ಬಿಡದೆ ತಿರುಗಿಸುತ್ತಿರುತ್ತದೆ. ಫ್ಯಾನು ಗಾಳಿ ಎಳೆಯುತ್ತದೆ. ಥರ್ಮೋಸ್ಟಾಟ್ ಎಂಬ ಸಣ್ಣ ಬಾಗಿಲು ಸುಮಾರು 80ರಿಂದ 90 ಡಿಗ್ರಿ ಸೆಲ್ಸಿಯಸ್ ನಡುವೆ ತೆರೆದುಕೊಂಡು ಲೆಕ್ಕ ಸರಿದೂಗಿಸುತ್ತದೆ. ಒಳಗೆ ಎಷ್ಟು ಶಾಖ ಹುಟ್ಟುತ್ತದೋ ಅಷ್ಟು ಹೊರಗೆ ಹೋಗುತ್ತಿರುವುದರಿಂದ ಮೀಟರಿನ ಮುಳ್ಳು ಒಂದೇ ಕಡೆ ನಿಂತಿರುತ್ತದೆ.

ನೀರು 90 ಡಿಗ್ರಿಯಲ್ಲಿದೆ ಎಂದ ಮಾತ್ರಕ್ಕೆ ಎಂಜಿನ್ ಪೂರಾ 90 ಡಿಗ್ರಿಯಲ್ಲಿದೆ ಎಂದಲ್ಲ. ಹೊರೆ ಎಳೆಯುವಾಗ ಪಿಸ್ಟನ್ನಿನ ತಲೆ 250–300 ಡಿಗ್ರಿಯಷ್ಟು ಕಾದಿರುತ್ತದೆ. ಹೊಗೆ ಬಿಡುವ ವಾಲ್ವ್ ಅದರ ಎರಡು ಪಟ್ಟಿಗೂ ಮೇಲೆ. ಬಿಸಿ ಮುದ್ದೆಯನ್ನು ನೋಡಿ, ಮೇಲೆ ಮುಟ್ಟಿದರೆ ಆರಿದೆ ಅನ್ನಿಸುತ್ತದೆ, ಮುರಿದರೆ ಒಳಗೆ ಬೆರಳು ಸುಡುತ್ತದೆ. ಹಾಗೇ ಇದು.

ಈಗ ಕೀಲಿ ತಿರುಗಿಸುತ್ತೀರಿ. ಉರಿ ನಿಂತಿತು, ನಿಜ. ಆದರೆ ಅದೇ ಕ್ಷಣ ನೀರಿನ ಪಂಪೂ ನಿಂತಿತು. ಬೆಲ್ಟಿನ ಫ್ಯಾನೂ ನಿಂತಿತು. ಗಾಡಿ ನಿಂತದ್ದರಿಂದ ಮುಂದಿನಿಂದ ನುಗ್ಗುತ್ತಿದ್ದ ಗಾಳಿಯೂ ಇಲ್ಲ. ಹೆಡ್ಡಿನ ಸುತ್ತ ಇರುವ ನೀರು ಅಲ್ಲೇ ನಿಂತುಬಿಟ್ಟಿತು. ಕಾದ ಕಬ್ಬಿಣ ಮಾತ್ರ ತನ್ನ ಶಾಖವನ್ನು ಆ ನೀರಿಗೇ ಸುರಿಯುತ್ತಿದೆ. ನೀರಿನ ಬಿಸಿ 5ರಿಂದ 15 ಡಿಗ್ರಿಯಷ್ಟು ಏರುವುದು ಸಾಮಾನ್ಯ. ಐದು–ಹತ್ತು ನಿಮಿಷದಲ್ಲಿ, ಕೆಲವು ಗಾಡಿಗಳಲ್ಲಿ ಕಾಲು ಗಂಟೆಯಲ್ಲಿ, ಅದು ತುದಿ ಮುಟ್ಟಿ ಆಮೇಲೆ ನಿಧಾನಕ್ಕೆ ಇಳಿಯತೊಡಗುತ್ತದೆ.

ಒಂದು ಮಾತಿನಲ್ಲಿ ಹೇಳುವುದಾದರೆ, ಬಂದ್ ಮಾಡಿದಾಗ ನಾವು ಉರಿಯನ್ನೂ ನಿಲ್ಲಿಸುತ್ತೇವೆ, ತಂಪು ಮಾಡುವ ಏರ್ಪಾಟನ್ನೂ ನಿಲ್ಲಿಸುತ್ತೇವೆ. ಕಾವು ಮಾತ್ರ ಒಳಗೇ ಉಳಿಯುತ್ತದೆ.

ಮುಳ್ಳು ಕೆಳಗಿಳಿಯಿತು ಎಂದು ಮೋಸಹೋಗಬೇಡಿ

ಇವತ್ತಿನ ಕಾರು, ಟೆಂಪೊಗಳಲ್ಲಿ ಬಿಸಿ ತೋರಿಸುವ ಮುಳ್ಳು ಕರೆಂಟಿನಿಂದ ನಡೆಯುತ್ತದೆ. ಕೀಲಿ ತಿರುಗಿಸಿದ ತಕ್ಷಣ ಕರೆಂಟ್ ಹೋಗಿ ಮುಳ್ಳು ಸರ್ರನೆ ಕೆಳಗೆ ಬೀಳುತ್ತದೆ. ‘ನೋಡು, ಆರಿಹೋಯ್ತು’ ಅಂತೀವಿ. ಅದು ಆರಿದ್ದಲ್ಲ ಕಣ್ರಿ, ಮೀಟರು ಕಣ್ಣು ಮುಚ್ಚಿದ್ದು ಅಷ್ಟೆ. ಕೆಲವು ಹಳೆಯ ಟ್ರ್ಯಾಕ್ಟರುಗಳಲ್ಲಿ ಸಣ್ಣ ತಾಮ್ರದ ಕೊಳವೆಯ ಮೀಟರು ಇರುತ್ತದೆ. ಅದಕ್ಕೆ ಕರೆಂಟು ಬೇಡ. ಎಂಜಿನ್ ನಿಲ್ಲಿಸಿದ ಮೇಲೆ ಅದರ ಮುಳ್ಳನ್ನು ನೋಡುತ್ತಾ ಕೂತರೆ ಮೇಲಕ್ಕೆ ಸರಿಯುವುದು ಕಣ್ಣಿಗೇ ಕಾಣುತ್ತದೆ.

ನಂಬಿಕೆ ಬಾರದವರು ಹೀಗೆ ಮಾಡಿ ನೋಡಿ. ಹೊರೆ ಹೊತ್ತು ಹತ್ತಿಪ್ಪತ್ತು ಕಿಲೋಮೀಟರ್ ಬಂದ ಮೇಲೆ ಮುಳ್ಳು ಎಲ್ಲಿದೆ ಎಂದು ಗುರುತು ಮಾಡಿಕೊಂಡು ಬಂದ್ ಮಾಡಿ. ಐದು ನಿಮಿಷ ಬಿಟ್ಟು, ಸ್ಟಾರ್ಟ್ ಮಾಡದೆ, ಕೀಲಿಯನ್ನು ‘ಆನ್’ವರೆಗೆ ಮಾತ್ರ ತಿರುಗಿಸಿ ಮುಳ್ಳು ನೋಡಿ ಬರೆದುಕೊಳ್ಳಿ. ಮತ್ತೆ 10, 20, 40, 60 ನಿಮಿಷಕ್ಕೆ ಹೀಗೇ ನೋಡಿ. ಶಾಲೆಗೆ ಹೋಗುವ ಮಕ್ಕಳಿಗೆ ಹೇಳಿದರೆ ಅವರೇ ಒಂದು ಗ್ರಾಫ್ ಬರೆದುಕೊಡುತ್ತಾರೆ. ಒಂದು ಎಚ್ಚರಿಕೆ: ಈಚಿನ ಬಹಳ ಗಾಡಿಗಳಲ್ಲಿ ನಡುವಿನ ಸಾಕಷ್ಟು ಡಿಗ್ರಿಗಳವರೆಗೆ ಮುಳ್ಳು ಮಧ್ಯದಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಕೆಲವಕ್ಕೆ ಮುಳ್ಳೇ ಇಲ್ಲ, ಕೆಂಪು ದೀಪ ಮಾತ್ರ. ಅಂಥ ಗಾಡಿಯಲ್ಲಿ ಈ ಏರಿಳಿತ ಕಾಣಿಸದಿದ್ದರೂ ಒಳಗೆ ನಡೆಯುವುದು ಅದೇ.

ಇದರಿಂದ ಇನ್ನೊಂದು ಲಾಭ ಇದೆ. ಟೀ ಕುಡಿದು ಬಂದು ಸ್ಟಾರ್ಟ್ ಮಾಡಿದಾಗ ಮುಳ್ಳು ಮೊದಲಿಗಿಂತ ಮೇಲಿದ್ದರೆ ಕೆಲವರು ಗಾಬರಿಯಾಗಿ ಮೆಕ್ಯಾನಿಕ್‌ನನ್ನು ಹುಡುಕುತ್ತಾರೆ. ಪಂಪು ತಿರುಗಿ ನೀರು ಓಡಾಡತೊಡಗಿದರೆ ಒಂದೆರಡು ನಿಮಿಷದಲ್ಲಿ ಮುಳ್ಳು ತನ್ನ ಜಾಗಕ್ಕೆ ಬರುತ್ತದೆ. ಬಂದರೆ ರಿಪೇರಿಯ ಖರ್ಚೇನೂ ಬೇಡ. ಬಾರದೆ ಮೇಲಕ್ಕೇ ಹೋದರೆ ಮಾತ್ರ ತೊಂದರೆ ಇದೆ ಎಂದರ್ಥ.

ಎಷ್ಟು ಹೊತ್ತಿಗೆ ಆರುತ್ತದೆ?

ಬಿಸಿ ವಸ್ತು ಮೊದಮೊದಲು ಬೇಗ ಆರುತ್ತದೆ, ಹೊರಗಿನ ಗಾಳಿಯ ಬಿಸಿಗೆ ಹತ್ತಿರ ಬಂದಂತೆ ನಿಧಾನವಾಗುತ್ತದೆ. ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹೊರಗೆ 30 ಡಿಗ್ರಿ, ಎಂಜಿನ್ 90 ಡಿಗ್ರಿ. ನಡುವಿನ ಅಂತರ 60. ಈ ಅಂತರ ಗಂಟೆಗೊಮ್ಮೆ ಅರ್ಧವಾಗುತ್ತದೆ ಎಂದಾದರೆ ಒಂದು ಗಂಟೆಗೆ ಎಂಜಿನ್ 60 ಡಿಗ್ರಿ, ಎರಡು ಗಂಟೆಗೆ 45, ಮೂರು ಗಂಟೆಗೆ 37–38. ದೊಡ್ಡ ಎಂಜಿನ್ನಾದರೆ, ಬಾನೆಟ್ ಮುಚ್ಚಿದ್ದರೆ ಇನ್ನೂ ನಿಧಾನ. ಗಾಳಿಗೆ ತೆರೆದುಕೊಂಡ ಬೈಕಿನ ಎಂಜಿನ್ ಬೇಗ ಆರುತ್ತದೆ. ಅಂತೂ ಕಾಲು ಗಂಟೆ ಬಿಟ್ಟರೆ ಎಂಜಿನ್ ‘ತಣ್ಣಗಾಯಿತು’ ಎನ್ನುವುದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಎಣ್ಣೆ, ನೀರಿನ ಮಟ್ಟ ನೋಡಲು ಬೆಳಗಿನ ಹೊತ್ತೇ ಒಳ್ಳೆಯದು ಎಂದು ಹಿರಿಯ ಡ್ರೈವರುಗಳು ಹೇಳುವುದು ಇದಕ್ಕೇ.

ಮುಚ್ಚಳದ ಕೆಳಗಿನ ಹಬೆ

ಸಮುದ್ರದ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಎತ್ತರ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ ಬೇಗ ಕುದಿಯುತ್ತದೆ. ಹೆಚ್ಚುಕಡಿಮೆ 300 ಮೀಟರಿಗೆ ಒಂದು ಡಿಗ್ರಿ. ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಹತ್ತಿರದ ದೇವರಾಯನದುರ್ಗದ ಬೆಟ್ಟ ಸುಮಾರು 1,200 ಮೀಟರ್. ಅಲ್ಲಿ 96ರ ಆಸುಪಾಸು. ಜಾತ್ರೆಗೆ ಜನ ತುಂಬಿಕೊಂಡು ಬೆಟ್ಟ ಹತ್ತಿ, ಮೇಲೆ ನಿಲ್ಲಿಸಿದ ಕೂಡಲೇ ಬಂದ್ ಮಾಡಿದರೆ ಏನಾಗುತ್ತದೆ ನೋಡಿ. ಏರು ಹತ್ತಿ ಎಂಜಿನ್ ಬಹಳ ಕಾದಿರುತ್ತದೆ, ನೀರು ಕುದಿಯುವ ಮಟ್ಟವೂ ಕೆಳಗಿರುತ್ತದೆ.

ಇದಕ್ಕೇ ರೇಡಿಯೇಟರಿಗೆ ಸ್ಪ್ರಿಂಗ್ ಇರುವ ಮುಚ್ಚಳ ಕೊಟ್ಟಿರುವುದು. ಪ್ರೆಶರ್ ಕುಕ್ಕರಿನ ಹಾಗೆ ಅದು ಒಳಗೆ ಒತ್ತಡ ನಿಲ್ಲಿಸುತ್ತದೆ. 0.9 ಎಂದು ಬರೆದಿರುವ ಮುಚ್ಚಳ ಸರಿಯಾಗಿದ್ದರೆ ನಮ್ಮ ಎತ್ತರದಲ್ಲಿ ಬರೀ ನೀರು ಕೂಡ 115 ಡಿಗ್ರಿ ದಾಟುವವರೆಗೆ ಕುದಿಯದೆ ನಿಲ್ಲುತ್ತದೆ. ಕೂಲಂಟ್ ಬೆರೆಸಿದ್ದರೆ ಇನ್ನೂ ಮೇಲೆ.

ಈಗ ಒಳಗಿನ ನೀರು 110 ಡಿಗ್ರಿ ಇದೆ, ಕುದಿಯುತ್ತಿಲ್ಲ ಎಂದಿಟ್ಟುಕೊಳ್ಳಿ. ನೀವು ಮುಚ್ಚಳ ತಿರುಗಿಸಿದಿರಿ. ಒತ್ತಡ ಹೋಯಿತು. 97ಕ್ಕೇ ಕುದಿಯಬೇಕಾದ ನೀರು 110ರಲ್ಲಿದೆ! ಒಂದು ಲೀಟರ್ ನೀರಿನಲ್ಲಿ ಬರೀ 24 ಗ್ರಾಮಿನಷ್ಟು ನೀರು ಆ ಕ್ಷಣ ಆವಿಯಾಗುತ್ತದೆ. ಕೇಳಲು ಸಣ್ಣದು. ಆದರೆ ಆ 24 ಗ್ರಾಮ್ ನೀರು ಹಬೆಯಾದಾಗ 40 ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಐದು ಲೀಟರ್ ನೀರಿರುವ ರೇಡಿಯೇಟರಿನಿಂದ ಒಂದು ಡೀಸೆಲ್ ಡ್ರಮ್ ತುಂಬುವಷ್ಟು, ಅಂದರೆ 200 ಲೀಟರಿನಷ್ಟು ಹಬೆ. ಅದು ಕುದಿನೀರನ್ನೂ ಎಳೆದುಕೊಂಡು ನೇರವಾಗಿ ಬಗ್ಗಿ ನೋಡುತ್ತಿರುವವರ ಮುಖಕ್ಕೆ ಬರುತ್ತದೆ. ಮುಖ, ಕಣ್ಣು, ಕತ್ತು, ಎದೆ ಸುಡುವುದು ಹೀಗೆ.

ಸುಟ್ಟರೆ ಕೂಡಲೇ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಪೇಸ್ಟು, ಇಂಕು, ತುಪ್ಪ, ಅರಿಶಿನ ಏನನ್ನೂ ಹಚ್ಚಬೇಡಿ. ಐಸ್ ಇಡಬೇಡಿ. ಉಂಗುರ, ಬಳೆ ಬಿಚ್ಚಿ, ಒಗೆದ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೋಗಿ.

ದಾರಿಯಲ್ಲಿ ಮುಳ್ಳು ಕೆಂಪಿಗೆ ಹೋದರೆ

ಮೊದಲು ಪಕ್ಕಕ್ಕೆ ನಿಲ್ಲಿಸಿ. ಆಮೇಲೆ ಮಾಡುವುದು ಎರಡು ಬಗೆ.

ನೀರು ಸೋರುತ್ತಿಲ್ಲ, ಬೆಲ್ಟು ಹರಿದಿಲ್ಲ, ಎಣ್ಣೆಯ ಕೆಂಪು ದೀಪ ಹತ್ತಿಲ್ಲ ಎಂದಾದರೆ ತಟಕ್ಕನೆ ಬಂದ್ ಮಾಡಬೇಡಿ. ನ್ಯೂಟ್ರಲ್ಲಿಗೆ ಹಾಕಿ, ಐಡ್ಲಿಂಗಿಗಿಂತ ತುಸು ಹೆಚ್ಚು ಆಕ್ಸಿಲರೇಟರ್ ಕೊಟ್ಟು ಒಂದೆರಡು ನಿಮಿಷ ಓಡಿಸಿ. ಕಾರಾದರೆ ಏಸಿ ನಿಲ್ಲಿಸಿ ಹೀಟರನ್ನು ಪೂರಾ ತೆರೆಯಿರಿ. ಹೀಟರೂ ಒಂದು ಸಣ್ಣ ರೇಡಿಯೇಟರೇ. ಮುಳ್ಳು ಇಳಿಯತೊಡಗಿದರೆ ಇಳಿಯಲು ಬಿಟ್ಟು ಆಮೇಲೆ ಬಂದ್ ಮಾಡಿ.

ನೀರು ಸೋರಿದೆ, ಹಬೆ ಬರುತ್ತಿದೆ, ಬೆಲ್ಟು ಹೋಗಿದೆ, ಅಥವಾ ಎರಡು ನಿಮಿಷವಾದರೂ ಮುಳ್ಳು ಇಳಿಯುತ್ತಿಲ್ಲ ಎಂದಾದರೆ ಕೂಡಲೇ ಬಂದ್ ಮಾಡಿ. ನೀರೇ ಓಡಾಡದ ಎಂಜಿನ್ನನ್ನು ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಆಮೇಲೆ ಬೇಕಾದದ್ದು ತಾಳ್ಮೆ. ಮುಕ್ಕಾಲು ಗಂಟೆಯಾದರೂ ಮುಚ್ಚಳದ ತಂಟೆಗೆ ಹೋಗಬೇಡಿ. ರೇಡಿಯೇಟರಿನ ಮೇಲಿನ ದಪ್ಪ ಹೋಸ್ ಪೈಪಿನ ಹತ್ತಿರ ಅಂಗೈ ಹಿಂಭಾಗ ಹಿಡಿದು ನೋಡಿ. ಬಟ್ಟೆ ಹಿಡಿದು ಪೈಪನ್ನು ಒತ್ತಿದರೆ ಗಟ್ಟಿಯಾಗಿದ್ದರೆ ಒಳಗೆ ಒತ್ತಡ ಇನ್ನೂ ಇದೆ. ಪೈಪು ಮೆತ್ತಗಾಗಿ, ಕೈಲಿ ಹಿಡಿಯುವಷ್ಟು ಆರಿದ ಮೇಲೆ ಒಣಗಿದ ಗೋಣಿತಾಟನ್ನು ನಾಲ್ಕು ಮಡಿಕೆ ಮಾಡಿ ಮುಚ್ಚಳದ ಮೇಲೆ ಹಾಕಿ. ಒದ್ದೆ ಬಟ್ಟೆ ಬೇಡ, ಅದು ಬಿಸಿಯನ್ನು ಕೈಗೆ ಬೇಗ ದಾಟಿಸುತ್ತದೆ. ಮುಖ ದೂರ ಇಟ್ಟು ಮುಚ್ಚಳವನ್ನು ಮೊದಲ ತಡೆಯವರೆಗೆ ಮಾತ್ರ ತಿರುಗಿಸಿ. ಸುಯ್ ಎನ್ನುವ ಸದ್ದು ಪೂರಾ ನಿಂತ ಮೇಲೆ ಒತ್ತಿ ತೆಗೆಯಿರಿ.

ನೀರು ಹಾಕುವಾಗಲೂ ಆತುರ ಬೇಡ. ಕಾದ ಕಾವಲಿಗೆ ನೀರು ಚಿಮುಕಿಸಿದರೆ ಚುರ್ ಎನ್ನುತ್ತದೆ. ಎರಕದ ಕಬ್ಬಿಣದ ಬ್ಲಾಕಿಗೆ ಹಾಗೆ ನೀರು ಬಿದ್ದರೆ ಸೀಳು ಬಿಡುತ್ತದೆ. ಅಲ್ಯೂಮಿನಿಯಂ ಹೆಡ್ಡಾದರೆ ಸೊಟ್ಟಗಾಗಿ ಗ್ಯಾಸ್ಕೆಟ್ ಹೋಗುತ್ತದೆ. ಎಣ್ಣೆಗೆ ನೀರು ಸೇರಿ ಮಜ್ಜಿಗೆ ಬಣ್ಣ ಬಂದರೆ ಒಂದು ಬೆಳೆಯ ಲಾಭ ಗ್ಯಾರೇಜಿಗೆ ಹೋಯಿತೆಂದೇ ತಿಳಿಯಿರಿ. ಎಂಜಿನ್ ಸಾಕಷ್ಟು ಆರಿದ ಮೇಲೆ ಸ್ಟಾರ್ಟ್ ಮಾಡಿ ಐಡ್ಲಿಂಗಿನಲ್ಲಿಟ್ಟು, ಸ್ವಲ್ಪಸ್ವಲ್ಪವಾಗಿ ನೀರು ಹೊಯ್ಯಿರಿ. ತೊಟ್ಟಿ ನೀರಿನ ಟಿಲ್ಲರ್, ಹಳೆಯ ಡೀಸೆಲ್ ಪಂಪ್‌ಸೆಟ್ಟುಗಳಿಗೂ ಇದೇ ಮಾತು. ನೀರು ಬತ್ತಿದ ಕಾದ ತೊಟ್ಟಿಗೆ ಬೋರ್‌ವೆಲ್ಲಿನ ತಣ್ಣೀರನ್ನು ಒಂದೇ ಸಲ ಸುರಿಯಬೇಡಿ.

ನಿಲ್ಲಿಸುವ ಮೊದಲು ಎರಡು ನಿಮಿಷ

ಉಳುಮೆ ಮಾಡಿದ, ಹೊರೆ ಎಳೆದ ಎಂಜಿನ್ನನ್ನು ನಿಲ್ಲಿಸುವ ಮೊದಲು ಒಂದೆರಡು ನಿಮಿಷ ಐಡ್ಲಿಂಗಿನಲ್ಲಿ ಬಿಡಿ. ಉರಿ ಸಣ್ಣದಾಗಿ, ಪಂಪು, ಫ್ಯಾನು ನಡೆಯುತ್ತಿರುವಾಗಲೇ ಕಬ್ಬಿಣದ ಕಾವು ಇಳಿಯುತ್ತದೆ. ಬಂದ್ ಮಾಡಿದ ಮೇಲಿನ ಏರಿಕೆ ಬಹಳ ಕಡಿಮೆಯಾಗುತ್ತದೆ. ‘ಡೀಸೆಲ್ ದಂಡ’ ಎನ್ನುವವರಿಗೆ ಒಂದು ಲೆಕ್ಕ: ಟ್ರ್ಯಾಕ್ಟರು ಐಡ್ಲಿಂಗಿನಲ್ಲಿ ಗಂಟೆಗೆ ಒಂದು ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಂಡರೂ ಎರಡು ನಿಮಿಷಕ್ಕೆ 33 ಮಿ.ಲೀ. ಒಂದು ಸಣ್ಣ ಲೋಟ ಟೀಯಷ್ಟೂ ಅಲ್ಲ. ಕೊನೆಯ ಒಂದು ಕಿಲೋಮೀಟರ್ ಖಾಲಿ ಗಾಡಿಯನ್ನು ನಿಧಾನವಾಗಿ ಓಡಿಸಿಕೊಂಡು ಬಂದಿದ್ದರೆ ಈ ಕಾಯುವಿಕೆಯೂ ಬೇಡ.

ಟರ್ಬೊ ಇರುವ ಡೀಸೆಲ್ ಗಾಡಿಗೆ ಇದು ಇನ್ನೂ ಮುಖ್ಯ. ಟರ್ಬೊದ ಚಕ್ರ ಸುಡುವ ಹೊಗೆಯ ಬಲದಿಂದ ನಿಮಿಷಕ್ಕೆ ಲಕ್ಷಕ್ಕೂ ಮೇಲೆ ಸುತ್ತು ತಿರುಗುತ್ತಿರುತ್ತದೆ. ಅದನ್ನು ಹಿಡಿದಿರುವುದು ತೆಳುವಾದ ಎಣ್ಣೆಯ ಪದರ. ತಟಕ್ಕನೆ ನಿಲ್ಲಿಸಿದರೆ ಎಣ್ಣೆಯ ಹರಿವು ನಿಂತು, ಅಲ್ಲೇ ಉಳಿದ ಎಣ್ಣೆ ಸೀದು ಬಾಣಲೆಯ ತಳದ ಮಸಿಯಂತೆ ಕಟ್ಟಿಕೊಳ್ಳುತ್ತದೆ. ವರ್ಷಗಟ್ಟಲೆ ಹೀಗೆ ಆದರೆ ಟರ್ಬೊ ಹೋಗುತ್ತದೆ.

ಕಾರ್ಬುರೇಟರ್ ಇರುವ ಹಳೆಯ ಪೆಟ್ರೋಲ್ ಗಾಡಿಗಳದ್ದು ಬೇರೆ ತಂಟೆ. ನಿಂತ ಎಂಜಿನ್ನಿನ ಕಾವಿಗೆ ಕಾರ್ಬುರೇಟರಿನಲ್ಲಿ, ಪೈಪಿನಲ್ಲಿ ಇರುವ ಪೆಟ್ರೋಲು ಆವಿಯಾಗುತ್ತದೆ. ಬಂದ ಕೂಡಲೇ ಸ್ಟಾರ್ಟ್ ಆಗುತ್ತಿದ್ದ ಗಾಡಿ ಹದಿನೈದು ನಿಮಿಷ ಬಿಟ್ಟರೆ ಆಗುವುದಿಲ್ಲ, ಒಂದು ಗಂಟೆ ಬಿಟ್ಟರೆ ಮತ್ತೆ ಆಗುತ್ತದೆ. ಅಂಬಾಸಿಡರ್, ಪದ್ಮಿನಿ ಕಾಲದ ಡ್ರೈವರುಗಳು ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದದ್ದು ಇದಕ್ಕೇ. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಪಂಪು ಪೆಟ್ರೋಲನ್ನು ಒತ್ತಡದಲ್ಲಿ ಕಳಿಸುವುದರಿಂದ ಈ ಕಾಟ ಕಡಿಮೆ.

ಹುಲ್ಲು, ಹುರುಳಿ, ಪೆಟ್ರೋಲು

ನಮ್ಮ ಸೀಮೆಯಲ್ಲಿ ರಾಗಿ, ಹುರುಳಿಯನ್ನು ರಸ್ತೆಗೆ ಹರಡಿ ಗಾಡಿಗಳಿಂದ ತುಳಿಸುವ ರೂಢಿ ಇದೆ. ಅದರ ಮೇಲೆ ಹಾದುಹೋದ ಕಾರಿನ ಅಡಿಯಲ್ಲಿ ಬಳ್ಳಿ, ಸೊಪ್ಪೆ ಸುತ್ತಿಕೊಂಡು ಸೈಲೆನ್ಸರಿಗೆ ತಗುಲುತ್ತದೆ. ಓಡುವಾಗಲೇ ಹೊತ್ತಿಕೊಳ್ಳುವುದುಂಟು. ಆದರೆ ಓಡುವಾಗ ಗಾಳಿ ಸೈಲೆನ್ಸರನ್ನು ತಂಪಾಗಿಡುತ್ತಿರುತ್ತದೆ. ನಿಲ್ಲಿಸಿದ ಮೇಲೆ ಆ ಗಾಳಿ ಇಲ್ಲ, ಒಣಹುಲ್ಲು ಕಾದ ಕಬ್ಬಿಣಕ್ಕೆ ಅಂಟಿಕೊಂಡೇ ಇರುತ್ತದೆ. ಮನೆ ಮುಂದೆ ನಿಲ್ಲಿಸಿ ಒಳಗೆ ಹೋದ ಮೇಲೆ ಬೆಂಕಿ ಕಾಣಿಸಿಕೊಳ್ಳುವುದು ಹೀಗೆ. 2020ರ ಏಪ್ರಿಲ್‌ನಿಂದ ಬಂದಿರುವ ಬಿಎಸ್-6 ಡೀಸೆಲ್ ಕಾರು, ಟೆಂಪೊಗಳಲ್ಲಿ ಹೊಗೆಯ ಮಸಿಯನ್ನು ಆಗಾಗ ಸುಟ್ಟುಹಾಕುವ ಫಿಲ್ಟರ್ ಇರುತ್ತದೆ. ಆ ಹೊತ್ತಿನಲ್ಲಿ ಅದು 600 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ಆದ್ದರಿಂದ ಸೊಪ್ಪೆ ತುಳಿದು ಬಂದಿದ್ದರೆ ನಿಲ್ಲಿಸಿದ ಕೂಡಲೇ ಬಗ್ಗಿ ನೋಡಿ, ಕೋಲಿನಿಂದ ಎಳೆದುಹಾಕಿ. ಬಣವೆ, ಕಣ, ತೆಂಗಿನ ಸಿಪ್ಪೆಯ ರಾಶಿಯ ಪಕ್ಕ ಬಿಸಿ ಗಾಡಿ ನಿಲ್ಲಿಸಬೇಡಿ.

ಕಳೆ ಕೊಚ್ಚುವ ಯಂತ್ರ, ಪೆಟ್ರೋಲ್ ಸ್ಪ್ರೇಯರುಗಳ ಟ್ಯಾಂಕು ಸೈಲೆನ್ಸರಿಗೆ ಗೇಣು ದೂರದಲ್ಲಿರುತ್ತದೆ. ಎಣ್ಣೆ ಮುಗಿದು ನಿಂತ ತಕ್ಷಣ ಬಗ್ಗಿಸಿ ಸುರಿಯುವುದು ಅಪಾಯ. ನೆರಳಿನಲ್ಲಿಟ್ಟು ಹತ್ತು–ಹದಿನೈದು ನಿಮಿಷ ಬಿಡಿ. ನಿಮಗೂ ದಣಿವಾರುತ್ತದೆ.

ಇನ್ನೊಂದು ವಿಚಾರ. ಕರೆಂಟ್ ಫ್ಯಾನ್ ಇರುವ ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ಫ್ಯಾನು ತಿರುಗುವುದುಂಟು, ನಿಂತಿದ್ದ ಫ್ಯಾನು ತಟ್ಟನೆ ಶುರುವಾಗುವುದೂ ಉಂಟು. ಅದು ಕೆಟ್ಟದ್ದಲ್ಲ, ಈ ಹತ್ತು ನಿಮಿಷದ ಏರಿಕೆಯನ್ನು ತಡೆಯಲೆಂದೇ ಇರುವ ಏರ್ಪಾಟು. ಆದರೆ ಹೆಗಲ ಮೇಲಿನ ಟವೆಲ್ಲು, ಸೆರಗು, ಬೆರಳು ಅದರ ಹತ್ತಿರ ಹೋಗದಿರಲಿ.

ನೀರಿನ ಗುಣವೂ ಮುಖ್ಯ

ನಮ್ಮ ಬೋರ್‌ವೆಲ್ಲುಗಳ ಗಡಸು ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಹೆಪ್ಪು ಕಟ್ಟಿಸುವುದು ಗೊತ್ತೇ ಇದೆ. ಎಂಜಿನ್ನಿನ ಒಳಗೂ ಹಾಗೇ ಕಟ್ಟುತ್ತದೆ. ಆ ಹೆಪ್ಪು ಕಬ್ಬಿಣದ ಕಾವು ನೀರಿಗೆ ದಾಟಲು ಬಿಡುವುದಿಲ್ಲ. ಕಂಪೆನಿ ಹೇಳಿದ ಕೂಲಂಟ್ ಹಾಕಿ. ನೀರು ಬೆರೆಸಬೇಕಾದ ಕೂಲಂಟಿಗೆ ಬ್ಯಾಟರಿಗೆ ಹಾಕುವ ಶುದ್ಧ ನೀರನ್ನೇ ಬಳಸಿ. ಹಳೆಯ ಕೂಲಂಟನ್ನು ನೆಲಕ್ಕೆ ಚೆಲ್ಲಬೇಡಿ. ಅದು ಸಿಹಿಯಾಗಿರುವುದರಿಂದ ನಾಯಿ, ದನ ನೆಕ್ಕುತ್ತವೆ. ಅದು ವಿಷ. ಮುಚ್ಚಳದ ರಬ್ಬರ್ ವಾಷರ್ ಒಡೆದಿದ್ದರೆ ಮುಚ್ಚಳ ಬದಲಿಸಿ. ಕಡಿಮೆ ಖರ್ಚಿನ ಆ ಮುಚ್ಚಳವೇ ಇಡೀ ಎಂಜಿನ್ನನ್ನು ಕಾಯುವುದು.

ನೆನಪಿಡಬೇಕಾದ್ದು ಇಷ್ಟು:

1. ಹೊರೆ ಎಳೆದ ಮೇಲೆ ಎರಡು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ಬಂದ್ ಮಾಡಿ.
2. ಬಂದ್ ಮಾಡಿದ ಮೇಲೆ ಐದರಿಂದ ಹದಿನೈದು ನಿಮಿಷ ಒಳಗಿನ ಬಿಸಿ ಏರುವ ಕಾಲ. ಮುಳ್ಳು ಬಿದ್ದದ್ದನ್ನು ನಂಬಬೇಡಿ.
3. ಮುಕ್ಕಾಲು ಗಂಟೆ ಕಳೆದು, ಮೇಲಿನ ಹೋಸ್ ಪೈಪು ಮೆತ್ತಗಾಗುವ ತನಕ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.
4. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ.
5. ಬಿಸಿ ಗಾಡಿಯನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ.
6. ಬಿಸಿ ಯಂತ್ರಕ್ಕೆ ಪೆಟ್ರೋಲ್ ತುಂಬಬೇಡಿ.

ಗಾಡಿಯನ್ನು ಓಡಿಸುವವರು ಮನೆಯಲ್ಲಿ ಈಗ ಒಬ್ಬರೇ ಅಲ್ಲ. ಮಗ ಓಡಿಸುತ್ತಾನೆ, ಮಗಳು ಓಡಿಸುತ್ತಾಳೆ, ಆಳೂ ಓಡಿಸುತ್ತಾನೆ. ಈ ಆರು ಮಾತುಗಳನ್ನು ಅವರೆಲ್ಲರಿಗೂ ಓದಿ ಹೇಳಿ.